ಕತ್ತಿಯಿಂದ ಕಾವಿನವರೆಗೆ: ಉಬ್ಬಸದ ಶಸ್ತ್ರಚಿಕಿತ್ಸೆಗಳು ನಡೆದು ಬಂದ ದಾರಿ

1961ರಲ್ಲಿ ಅಮೆರಿಕದ ‘ಡಿಸೀಸಸ್ ಆಫ್ ದಿ ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಲೇಖನಗಳು ಒಂದರ ಬೆನ್ನಿಗೊಂದು ಅಚ್ಚಾದವು. ಮೊದಲನೆಯದು ಜಪಾನಿನ ಕೊಮೆಯಿ ನಕಯಾಮಾ ಅವರದು. ಚಿಬಾ ವಿಶ್ವವಿದ್ಯಾಲಯದ ಈ ಶಸ್ತ್ರವೈದ್ಯರು ಅನ್ನನಾಳದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತಿಗೇ ಗೊತ್ತಿದ್ದ ಹೆಸರು. ಎರಡನೆಯದು ಬಾಸ್ಟನ್ನಿನ ರಿಚರ್ಡ್ ಓವರ್‌ಹೋಲ್ಟ್ ಅವರದು; ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ಬಹಳ ಮೊದಲೇ ಎಚ್ಚರಿಸಿದ ವೈದ್ಯರಲ್ಲಿ ಅವರೂ ಒಬ್ಬರು. ಇಬ್ಬರೂ ಬರೆದದ್ದು ಅಸ್ತಮಾಕ್ಕೆ ಕುತ್ತಿಗೆಯಲ್ಲಿ ಮಾಡುವ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಗ್ಗೆ. ನಕಯಾಮಾ ಅದನ್ನು 1940ರ ದಶಕದ ಮೊದಲ ವರ್ಷಗಳಲ್ಲೇ ಆರಂಭಿಸಿದ್ದರು. ಲೇಖನ ಹೊರಬರುವ ಹೊತ್ತಿಗೆ ಲೆಕ್ಕಕ್ಕೆ ಬಂದ ರೋಗಿಗಳ ಸಂಖ್ಯೆ 3,900 ದಾಟಿತ್ತು.

ಕಾಯಿಲೆ ಎದೆಯಲ್ಲಿ, ಕತ್ತಿ ಕುತ್ತಿಗೆಗೆ ಯಾಕೆ ಎಂಬುದನ್ನು ಹೇಳುವ ಮುಂಚೆ ಆ ಕಾಲದ ರೋಗಿಯ ಪಾಡು ತಿಳಿದಿರಬೇಕು. ಇಂದು ದಮ್ಮು ಕಟ್ಟಿದಾಗ ಕೈ ಚೀಲದೊಳಗಿನ ಇನ್ಹೇಲರ್‌ಗೆ ಹೋಗುತ್ತದೆ. ಆಗ ಇದ್ದದ್ದು ಅಡ್ರಿನಲಿನ್ ಚುಚ್ಚುಮದ್ದು, ಎದೆ ಡವಗುಟ್ಟಿಸಿ ಕೈ ನಡುಗಿಸುವ ಎಫೆಡ್ರಿನ್ ಮಾತ್ರೆ, ಹೊಟ್ಟೆ ತೊಳಸಿಸುವ ಅಮಿನೊಫಿಲಿನ್. 1950ರ ನಂತರ ಕಾರ್ಟಿಸೋನ್ ಬಂತು. ಅದು ಉಬ್ಬಸವನ್ನು ಇಳಿಸುತ್ತಿತ್ತು. ದಿನವೂ ನುಂಗಿದರೆ ಮುಖ ಊದಿಸಿ ಮೂಳೆಯನ್ನು ಸವೆಸುತ್ತಿತ್ತು. ರಾತ್ರಿಯಿಡೀ ದಿಂಬುಗಳನ್ನು ಒಟ್ಟಿಕೊಂಡು, ಮಂಡಿಗೆ ಮೊಣಕೈ ಊರಿ, ಒಂದೊಂದು ಉಸಿರನ್ನೂ ಎಳೆದೆಳೆದು ಬೆಳಗು ಮಾಡುವವರನ್ನು ನೋಡಿದವರಿಗೆ, ಅಂಥವರು ಯಾವ ಚಿಕಿತ್ಸೆಗಾದರೂ ಯಾಕೆ ಒಪ್ಪುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಪ್ಪಿದವರಲ್ಲಿ ನಕಯಾಮಾ ಅವರ ರೋಗಿಗಳು ಮೊದಲಿಗರೂ ಅಲ್ಲ. 1923ರಲ್ಲೇ ಜರ್ಮನಿಯ ಹರ್ಮನ್ ಕ್ಯುಮ್ಮೆಲ್ ಕುತ್ತಿಗೆಯ ಸಿಂಪಥೆಟಿಕ್ ನರಗಳನ್ನು ಕತ್ತರಿಸಿ ಅಸ್ತಮಾ ವಾಸಿಮಾಡಲು ಹೊರಟಿದ್ದರು. ಶ್ವಾಸನಾಳ ಬಿಗಿಯುವುದು ನರಗಳ ಚೇಷ್ಟೆಯಿಂದ, ನರ ಕಡಿದರೆ ಬಿಗಿತ ಹೋಗುತ್ತದೆ ಎಂಬ ತರ್ಕ ಅದು. ಬೇರೆಯವರು ವೇಗಸ್ ನರದ ಕವಲುಗಳನ್ನು ಕಡಿದರು. ಕೆಲವರಿಗೆ ಕೆಲವು ದಿನ ನೆಮ್ಮದಿ, ಆಮೇಲೆ ಉಬ್ಬಸ ಮತ್ತೆ ಹಾಜರು. ಸಂಜೀವಿನಿ ಸಿಕ್ಕಿತು ಎಂಬ ವರದಿಗಳು ಬೇಗ ಅಚ್ಚಾದವು. ಅದೇ ರೋಗಿಗಳು ಎರಡು ವರ್ಷದ ಮೇಲೆ ಹೇಗಿದ್ದಾರೆ ಎಂದು ಹುಡುಕಿಕೊಂಡು ಹೋದವರು ಕಡಿಮೆ. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ.

ನಕಯಾಮಾ ತೆಗೆದದ್ದು ನರವನ್ನಲ್ಲ, ಕ್ಯಾರಾಟಿಡ್ ಬಾಡಿ ಎಂಬ ಅಂಗವನ್ನು. ಕುತ್ತಿಗೆಯ ಇಕ್ಕೆಲಗಳಲ್ಲಿ, ದವಡೆಯ ಮೂಲೆಗಿಂತ ಸ್ವಲ್ಪ ಕೆಳಗೆ ಬೆರಳಿಟ್ಟರೆ ದೊಡ್ಡ ರಕ್ತನಾಳದ ಬಡಿತ ಸಿಗುತ್ತದೆ. ಅದು ಅಲ್ಲೇ ಎರಡಾಗಿ ಕವಲೊಡೆದು ಒಂದು ಮಿದುಳಿಗೂ ಇನ್ನೊಂದು ಮುಖಕ್ಕೂ ಹೋಗುತ್ತದೆ. ಆ ಕವಲಿನ ಸಂದಿಯಲ್ಲಿ ಅಕ್ಕಿ ಕಾಳಿನಷ್ಟೇ ದೊಡ್ಡದಾದ ಒಂದು ಗಂಟು ಕುಳಿತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ಅಳೆಯುವುದು, ಕಡಿಮೆಯಾದರೆ ಬೇಗ ಉಸಿರಾಡು ಎಂದು ಮಿದುಳಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಈ ಭಾಗದ ರಕ್ತನಾಳಗಳು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತವೆ ಎಂದು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತ್ತು. ಆ ಗಂಟು ದೇಹಕ್ಕಾಗಿ ಮಾಡುವ ಕೆಲಸ ಇಷ್ಟು ಎಂದು ಗೊತ್ತಿದ್ದೂ, ನಕಯಾಮಾ ಮತ್ತು ಅವರನ್ನು ಅನುಸರಿಸಿದವರು ಅದನ್ನು ಕಿತ್ತರೆ ಶ್ವಾಸನಾಳದ ಬಿಗಿತ ಸಡಿಲುತ್ತದೆ ಎಂದು ನಂಬಿದರು.

ಶಸ್ತ್ರಚಿಕಿತ್ಸೆ ದೊಡ್ಡದಲ್ಲ. ಕುತ್ತಿಗೆಯ ಪಕ್ಕದಲ್ಲಿ ಒಂದು ಗಾಯ, ರಕ್ತನಾಳದ ಕವಲನ್ನು ಜೋಪಾನವಾಗಿ ಬಿಡಿಸಿ ಗಂಟನ್ನು ತೆಗೆಯುವುದು, ಹೊಲಿಗೆ. ಕೆಲವರಿಗೆ ಒಂದೇ ಬದಿ, ಕೆಲವರಿಗೆ ಎರಡೂ ಬದಿ. ಗ್ಲೋಮೆಕ್ಟಮಿ ಎಂಬ ಹೆಸರಿನ ಈ ಚಿಕಿತ್ಸೆ ಮಾಡಿಸಿಕೊಂಡ ಹಲವರು ಎದೆ ಹಗುರಾಯಿತು ಎಂದರು, ರಾತ್ರಿ ನಿದ್ದೆ ಬಂತು ಎಂದರು. ಆ ಮಾತು ಸುಳ್ಳಲ್ಲ ಎಂದೇ ನನ್ನ ನಂಬಿಕೆ. ಉಬ್ಬಸ ಬಂದಾಗ ಆಮ್ಲಜನಕ ಇಳಿಯುತ್ತದೆ, ಗಂಟು ಸುದ್ದಿ ಕಳಿಸುತ್ತದೆ, ಆ ಒತ್ತಾಯದಿಂದ ಉಸಿರಿನ ಹಸಿವು ಕೆರಳುತ್ತದೆ. ಗಂಟೇ ಇಲ್ಲದಿದ್ದರೆ ಒತ್ತಾಯವೂ ಇಲ್ಲ. ಶ್ವಾಸನಾಳ ಮಾತ್ರ ಇದ್ದಷ್ಟೇ ಇಕ್ಕಟ್ಟು, ಆಮ್ಲಜನಕ ಇಳಿದಷ್ಟೇ ಕೆಳಗೆ. ಕಡಿಮೆಯಾದದ್ದು ಕಾಯಿಲೆಯ ಅರಿವು.

ಇದನ್ನು ಪರೀಕ್ಷಿಸಿ ನೋಡುವ ಕೆಲಸ ಶುರುವಾದದ್ದು ಸಾವಿರಾರು ಕುತ್ತಿಗೆಗಳಲ್ಲಿ ಗಾಯದ ಗುರುತು ಬಿದ್ದಮೇಲೆ. 1965ರಲ್ಲಿ ಬಾಸ್ಟನ್ನಿನವರೇ ಆದ ಮೌರಿಸ್ ಸೀಗಲ್ ಮತ್ತು ಡುಲ್ಫಾನೊ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ವರದಿ ಬರೆದರು. ಗ್ಲೋಮೆಕ್ಟಮಿಯಿಂದ ಗುಣ ಕಾಣದ 15 ರೋಗಿಗಳ ವರದಿ ಎಂದು ಶೀರ್ಷಿಕೆಯಲ್ಲೇ ಹೇಳಿದ್ದರು. ಗೆದ್ದದ್ದನ್ನು ಅಚ್ಚು ಹಾಕಿಸಲು ಎಲ್ಲರೂ ಮುಂದಾಗುತ್ತಾರೆ. ಸೋತ 15 ಜನರ ಕಥೆಯನ್ನು ಹೀಗೆ ಊರ ಮುಂದೆ ಇಟ್ಟದ್ದು ರೋಗಿಗಳಿಗೆ ಮಾಡಿದ ದೊಡ್ಡ ಉಪಕಾರ.

1966ರಲ್ಲಿ ಅಮೆರಿಕದ ಕರನ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತೀವ್ರ ಅಸ್ತಮಾದ ಕೆಲವು ರೋಗಿಗಳಿಗೆ ನಿಜವಾದ ಗ್ಲೋಮೆಕ್ಟಮಿ, ಇನ್ನು ಕೆಲವರಿಗೆ ಕುತ್ತಿಗೆ ಕೊಯ್ದು ಗಂಟನ್ನು ಮುಟ್ಟದೆ ಹೊಲಿಗೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಆಮೇಲೆ ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೇ ಬಿಡದೆ ಅದೇ ರೋಗಿಗಳನ್ನು ವರ್ಷಗಳ ಮೇಲೆ ಮತ್ತೆ ಕರೆಸಿ ನೋಡಿ 1971ರಲ್ಲಿ ಕರನ್ ಮತ್ತು ಗ್ರಹಾಂ ಎರಡನೆಯ ವರದಿ ಕೊಟ್ಟರು. ಆಗಲೂ ಕಂಡದ್ದು ಅದೇ. ಸುಮ್ಮನೆ ಕುತ್ತಿಗೆ ಕೊಯ್ದದ್ದು ಸರಿಯೇ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ ಈ ಪರೀಕ್ಷೆ 1945ರಲ್ಲೇ ನಡೆದಿದ್ದರೆ ಎಷ್ಟು ಸಾವಿರ ಕುತ್ತಿಗೆಗಳು ಉಳಿಯುತ್ತಿದ್ದವು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ದೇಹಕ್ಕೆ ಆದ ನಷ್ಟ ಬೇರೆ ದಾರಿಯಿಂದ ಬೆಳಕಿಗೆ ಬಂತು. 1965ರಲ್ಲಿ ಇಂಗ್ಲೆಂಡಿನ ಹೋಲ್ಟನ್ ಮತ್ತು ವುಡ್, ಎರಡೂ ಬದಿಯ ಗಂಟು ತೆಗೆಸಿಕೊಂಡ ಇಬ್ಬರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿಯನ್ನು ಕೊಟ್ಟು ನೋಡಿದರು. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲುಗ್ಲಿಯಾನಿ, ಬ್ರಯನ್ ವಿಪ್, ಕಾರ್ಲ್‌ಮನ್ ವಾಸರ್‌ಮನ್ ಮತ್ತವರ ಸಂಗಡಿಗರು ಅಂಥದೇ ಅಸ್ತಮಾ ರೋಗಿಗಳನ್ನು ಪರೀಕ್ಷಿಸಿದರು. ನಿಮಗಾಗಲಿ ನನಗಾಗಲಿ ಅಂಥ ಗಾಳಿ ಕೊಟ್ಟರೆ ಉಸಿರು ತಾನಾಗಿ ಬಿರುಸಾಗುತ್ತದೆ. ಅವರ ಉಸಿರು ಬಿರುಸಾಗಲಿಲ್ಲ. ಆಮ್ಲಜನಕ ಇಳಿಯುತ್ತಿದ್ದರೂ ದೇಹ ಸುಮ್ಮನಿತ್ತು. ಬೇರೆಯವರಿಗಾದರೆ ಇದು ದಿನದ ಬದುಕಿನಲ್ಲಿ ಗೊತ್ತಾಗದ ಕೊರತೆಯಾಗಿ ಉಳಿದೀತು. ಅಸ್ತಮಾ ಇರುವವರಿಗೆ, ಮುಂದಿನ ತೀವ್ರ ಉಬ್ಬಸ ಬಂದ ರಾತ್ರಿ ಎಚ್ಚರಿಸಬೇಕಾದ ಅಂಗವೇ ಇಲ್ಲ ಎಂದಂತಾಯಿತು. ಕಿತ್ತ ಗಂಟು ಮತ್ತೆ ಬೆಳೆಯುವುದಿಲ್ಲ. ಉಸಿರಾಟದ ವಿಜ್ಞಾನಕ್ಕೆ ಈ ರೋಗಿಗಳಿಂದ ಸಿಕ್ಕ ತಿಳಿವಳಿಕೆ ಅಪಾರ, ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ಇದೆ. ಆ ತಿಳಿವಳಿಕೆಗೆ ಬೆಲೆ ತೆತ್ತವರು ಉಬ್ಬಸ ವಾಸಿಯಾಗುತ್ತದೆಂದು ಕುತ್ತಿಗೆ ಒಡ್ಡಿದವರು. ಉಸಿರಾಟದ ತೊಂದರೆಗೆಂದು ಮಾಡುವ ಈ ಶಸ್ತ್ರಚಿಕಿತ್ಸೆಗೆ ಹಣ ಕೊಡುವುದಿಲ್ಲ ಎಂದು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ಕೊನೆಗೆ ನಿಯಮವನ್ನೇ ಬರೆದಿಟ್ಟಿತು.

ಅಷ್ಟರಲ್ಲಿ ಔಷಧಿಗಳೇ ದಾರಿ ಬದಲಿಸಿದ್ದವು. 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಉಸಿರಿನೊಂದಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್ ಬೆಕ್ಲೊಮೆಥಾಸೋನ್ ಬಂದವು. ಅಸ್ತಮಾದ ಮೂಲ ಶ್ವಾಸನಾಳದ ಉರಿಯೂತ ಎಂಬುದು ಗಟ್ಟಿಯಾಯಿತು. ಬಹುಪಾಲು ರೋಗಿಗಳು ಇನ್ಹೇಲರ್‌ನಿಂದಲೇ ಎಲ್ಲರಂತೆ ಬದುಕುವಂತಾದರು. ಕತ್ತಿ ಎರಡು ಮೂರು ದಶಕ ಸುಮ್ಮನಿತ್ತು. ಎಷ್ಟು ಇನ್ಹೇಲರ್ ಎಳೆದರೂ, ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಉಬ್ಬಸ ಹಿಡಿತಕ್ಕೆ ಬಾರದ ಒಂದು ಸಣ್ಣ ಗುಂಪು ಮಾತ್ರ ಉಳಿದುಕೊಂಡಿತು. ಮುಂದಿನ ಅಧ್ಯಾಯ ಅವರದು.

ಈ ಸಲ ಕಣ್ಣು ಬಿದ್ದದ್ದು ಶ್ವಾಸನಾಳವನ್ನು ಸುತ್ತಿರುವ ನಯವಾದ ಸ್ನಾಯುವಿನ ಮೇಲೆ. ಉಬ್ಬಸದಲ್ಲಿ ಬಿಗಿಯುವುದು ಅದೇ. ವರ್ಷಗಟ್ಟಲೆ ಅಸ್ತಮಾ ಇದ್ದವರಲ್ಲಿ ಅದು ದಪ್ಪಗಾಗಿರುತ್ತದೆ. ಆ ಸ್ನಾಯುವಿನಿಂದ ದೇಹಕ್ಕೆ ಏನು ಪ್ರಯೋಜನ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೇಯ್ನ್ ಮಿಟ್ಜ್‌ನರ್ 2004ರಲ್ಲಿ ಅದನ್ನು ಶ್ವಾಸಕೋಶದ ಅಪೆಂಡಿಕ್ಸ್ ಎಂದೇ ಕರೆದರು. ಅಂದರೆ ಇಲ್ಲದಿದ್ದರೂ ನಡೆಯುತ್ತದೆ ಎಂದು. ಎಲ್ಲರೂ ಇದನ್ನು ಒಪ್ಪಲಿಲ್ಲ. ಅದೇ ವರ್ಷ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಯಿಗಳ ಶ್ವಾಸನಾಳಕ್ಕೆ ರೇಡಿಯೋ ತರಂಗದ ಶಕ್ತಿಯಿಂದ 55, 65, 75 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು ಮೂರು ವರ್ಷ ಕಾದು ನೋಡಲಾಗಿತ್ತು. 65 ಮತ್ತು 75 ಡಿಗ್ರಿ ತಾಗಿದ ಕಡೆ ಸ್ನಾಯು ಕರಗಿತ್ತು, ಬಿಗಿಯುವ ಗುಣವೂ ಇಳಿದಿತ್ತು, ಮೂರು ವರ್ಷವೂ ಹಾಗೇ ಇತ್ತು. ಬಳಿಕ ಶ್ವಾಸಕೋಶದ ಭಾಗವೊಂದನ್ನು ಹೇಗೂ ತೆಗೆಸಿಕೊಳ್ಳಬೇಕಿದ್ದ ಕೆಲವರ ಒಪ್ಪಿಗೆ ಪಡೆದು, ತೆಗೆಯಲಿದ್ದ ಭಾಗಕ್ಕೇ ಮೊದಲು ಕಾವು ಕೊಟ್ಟು, ತೆಗೆದಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲಷ್ಟೇ ಅಸ್ತಮಾ ರೋಗಿಗಳ ಸರದಿ. ಈ ಕ್ರಮ, ಈ ಸಾವಧಾನ ಗ್ಲೋಮೆಕ್ಟಮಿಯ ಕಾಲದಲ್ಲಿ ಇರಲಿಲ್ಲ.

ಬ್ರಾಂಕಿಯಲ್ ಥರ್ಮೋಪ್ಲಾಸ್ಟಿ ಎಂದು ಇದಕ್ಕೆ ಹೆಸರಾಯಿತು. ಕೆನಡಾದ ಹ್ಯಾಮಿಲ್ಟನ್ನಿನ ಜೆರಾರ್ಡ್ ಕಾಕ್ಸ್ ಮತ್ತು ಸಂಗಡಿಗರು 112 ಜನರ ಪರೀಕ್ಷೆಯ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಸೌಮ್ಯ ಸ್ವರೂಪದ ಉಬ್ಬಸಗಳು ಕಡಿಮೆಯಾಗಿದ್ದವು. ಅದೇ ವರ್ಷ ಹೊರಬಂದ ಇನ್ನೊಂದು ಪರೀಕ್ಷೆ ಕಾಯಿಲೆ ಹೆಚ್ಚು ತೀವ್ರವಾಗಿದ್ದ 32 ಜನರದು. ಅಲ್ಲಿ ಚಿಕಿತ್ಸೆಯ ವಾರಗಳು ಸುಲಭವಾಗಿರಲಿಲ್ಲ. ಕಾವು ಪಡೆದ 15 ಜನರಲ್ಲಿ ನಾಲ್ವರು ಆಸ್ಪತ್ರೆ ಸೇರಬೇಕಾಯಿತು, ಇಬ್ಬರ ಶ್ವಾಸಕೋಶದ ಕೆಳಹಾಲೆಯ ಒಂದು ಭಾಗ ಗಾಳಿಯಿಲ್ಲದೆ ಮುದುಡಿಕೊಂಡಿತು. ಕಾಯಿಲೆ ಹೆಚ್ಚಿದ್ದಷ್ಟೂ ಕಾವು ತಡೆದುಕೊಳ್ಳುವುದು ಕಷ್ಟ ಎಂಬ ಸುಳಿವು ಇಲ್ಲೇ ಸಿಕ್ಕಿತ್ತು. ಮೇಲಾಗಿ ಇವೆರಡರಲ್ಲೂ ಹೋಲಿಕೆಯ ಗುಂಪಿಗೆ ಸುಳ್ಳು ಚಿಕಿತ್ಸೆ ಇರಲಿಲ್ಲ. ತಮಗೆ ಹೊಸ ಯಂತ್ರದ ಚಿಕಿತ್ಸೆ ಸಿಕ್ಕಿದೆಯೋ ಇಲ್ಲವೋ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆ ಕೊರತೆ ನೀಗಿಸಿದ್ದು ಮೂರನೆಯ ಪರೀಕ್ಷೆ. ಆರು ದೇಶಗಳ 30 ಕೇಂದ್ರಗಳಲ್ಲಿ 288 ಜನರ ಮೇಲೆ ನಡೆದ ಇದಕ್ಕೆ ಏರ್-2 ಎಂದು ಹೆಸರು. ಅದರ ಕೋಣೆಯೊಳಗೆ ಹೋಗಿ ನೋಡುವಂತಿದೆ. ರೋಗಿಗೆ ಮಂಪರು ಬರಿಸಿ ಬ್ರಾಂಕೋಸ್ಕೋಪನ್ನು ಶ್ವಾಸನಾಳಕ್ಕೆ ಇಳಿಸುತ್ತಾರೆ. ಅದರೊಳಗಿಂದ ತೆಳ್ಳನೆಯ ಕ್ಯಾಥೆಟರ್ ಮುಂದೆ ಹೋಗಿ, ತುದಿಯಲ್ಲಿರುವ ನಾಲ್ಕು ತಂತಿಗಳ ಬುಟ್ಟಿಯನ್ನು ಬಿಚ್ಚಿ ನಾಳದ ಗೋಡೆಗೆ ತಾಗಿಸುತ್ತದೆ. ಕಾಲಿನಿಂದ ಸ್ವಿಚ್ ಒತ್ತಿದರೆ 65 ಡಿಗ್ರಿ ಕಾವು, 10 ಸೆಕೆಂಡು. ಬುಟ್ಟಿ ಮುಚ್ಚಿ, ಸ್ವಲ್ಪ ಹಿಂದೆಳೆದು, ಮತ್ತೆ ಬಿಚ್ಚಿ, ಮತ್ತೆ 10 ಸೆಕೆಂಡು. ಒಂದು ಸಲಕ್ಕೆ ಹೀಗೆ ಹತ್ತಾರು ಬಾರಿ. ಮೊದಲ ಸಲ ಬಲಗಡೆಯ ಕೆಳಹಾಲೆ, ಮೂರು ವಾರದ ಮೇಲೆ ಎಡಗಡೆಯದು, ಮತ್ತೆ ಮೂರು ವಾರಕ್ಕೆ ಎರಡೂ ಮೇಲ್ಹಾಲೆಗಳು. ಬಲಗಡೆಯ ನಡುಹಾಲೆಯನ್ನು ಮುಟ್ಟುವುದಿಲ್ಲ. ಅದರ ನಾಳ ಕಿರಿದು, ಕಾವಿನಿಂದ ಊದಿಕೊಂಡು ಮುಚ್ಚಿಹೋಗಬಹುದು ಎಂಬ ಭಯ. 98 ಜನರಿಗೆ ಇದೆಲ್ಲವೂ ಹಾಗೆಯೇ ನಡೆಯಿತು, ಬುಟ್ಟಿ ಬಿಚ್ಚಿತು, ಯಂತ್ರ ಸದ್ದು ಮಾಡಿತು, ದೀಪ ಹೊತ್ತಿತು, ಕಾವು ಮಾತ್ರ ಹೊರಡಲಿಲ್ಲ. ಚಿಕಿತ್ಸೆ ಕೊಟ್ಟ ವೈದ್ಯರು ಮುಂದೆ ಆ ರೋಗಿಯನ್ನು ಪರೀಕ್ಷಿಸುವಂತಿರಲಿಲ್ಲ, ಆ ಕೆಲಸಕ್ಕೆ ಏನೂ ಗೊತ್ತಿಲ್ಲದ ಇನ್ನೊಂದು ತಂಡವಿತ್ತು.

ಮಾರಿಯೊ ಕ್ಯಾಸ್ಟ್ರೊ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಎರಡನ್ನು. ಕಾವು ಪಡೆದವರಲ್ಲಿ 100ಕ್ಕೆ 79 ಜನರ ಬದುಕಿನ ಗುಣಮಟ್ಟ ಗಮನಾರ್ಹವಾಗಿ ಸುಧಾರಿಸಿತ್ತು. ಕಾವೇ ಪಡೆಯದವರಲ್ಲಿ 64 ಜನರದು. ಸುಳ್ಳು ಚಿಕಿತ್ಸೆಯಲ್ಲೂ ಮೂರರಲ್ಲಿ ಎರಡು ಪಾಲಿನಷ್ಟು ಜನ ಸುಧಾರಿಸಿದ್ದರು! ನಿಗಾ, ಕರೆದು ವಿಚಾರಿಸುವ ವೈದ್ಯರು, ತಪ್ಪದೆ ತೆಗೆದುಕೊಂಡ ಇನ್ಹೇಲರ್, ಗುಣವಾಗುತ್ತದೆಂಬ ಭರವಸೆ ಎಲ್ಲವೂ ಅದರಲ್ಲಿ ಸೇರಿವೆ. ಗ್ಲೋಮೆಕ್ಟಮಿ ಇಪ್ಪತ್ತು ವರ್ಷ ಬಾಳಿದ್ದು ಇದರ ಬಲದಿಂದಲೇ ಇರಬೇಕು. ಪರೀಕ್ಷೆಗೆ ಮುಖ್ಯ ಗುರಿ ಕೂದಲೆಳೆಯಷ್ಟರಲ್ಲಿ ತಪ್ಪಿತು: ಸುಳ್ಳು ಚಿಕಿತ್ಸೆಗಿಂತ ಕಾವು ಮೇಲು ಎಂಬ ಸಂಭಾವ್ಯತೆಗೆ ಮೊದಲೇ ಹಾಕಿಕೊಂಡ ಗೆರೆ ಶೇ. 96.4, ಎಲ್ಲ ರೋಗಿಗಳನ್ನೂ ಲೆಕ್ಕಕ್ಕೆ ಹಿಡಿದಾಗ ಸಿಕ್ಕಿದ್ದು ಸುಮಾರು 96. ಬೇರೆ ಅಂಕಿಗಳು ಬಲವಾಗಿದ್ದವು. ಚಿಕಿತ್ಸೆ ಮುಗಿದ ನಂತರದ ತಿಂಗಳುಗಳಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡುವುದು ಶೇ. 84ರಷ್ಟು, ತೀವ್ರ ಉಬ್ಬಸ ಶೇ. 32ರಷ್ಟು ಇಳಿದಿದ್ದವು. ಚಿಕಿತ್ಸೆಯ ವಾರಗಳಲ್ಲಿ ಮಾತ್ರ ಕಾವು ಪಡೆದ 190 ಜನರಲ್ಲಿ 16 ಮಂದಿ ಆಸ್ಪತ್ರೆ ಸೇರಿದ್ದರು, ಇನ್ನೊಂದು ಗುಂಪಿನಲ್ಲಿ ಇಬ್ಬರು. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಐದು ವರ್ಷದವರೆಗೆ ರೋಗಿಗಳನ್ನು ಹಿಂಬಾಲಿಸಿ ವರದಿ ಕೊಡಬೇಕು ಎಂಬ ಷರತ್ತನ್ನೂ ಹಾಕಿತು. ನನಗೆ ಆ ಒಪ್ಪಿಗೆಗಿಂತ ಈ ಷರತ್ತೇ ದೊಡ್ಡದಾಗಿ ಕಾಣುತ್ತದೆ.

ಐದು ವರ್ಷದ ವರದಿ 2013ರಲ್ಲಿ ಬಂತು. 190 ಜನರಲ್ಲಿ 162 ಮಂದಿ ಕೊನೆಯವರೆಗೂ ಬಂದಿದ್ದರು. ಇಂಥ ಕೆಲಸದಲ್ಲಿ ಇದು ಒಳ್ಳೆಯ ಹಾಜರಿ. ಚಿಕಿತ್ಸೆಗೆ ಮುಂಚಿನ ವರ್ಷಕ್ಕೆ ಹೋಲಿಸಿದರೆ ತೀವ್ರ ಉಬ್ಬಸ ಶೇ. 44ರಷ್ಟು ಕಡಿಮೆ ಇತ್ತು, ಊದುವ ಪರೀಕ್ಷೆಯಲ್ಲಿ ಶ್ವಾಸಕೋಶದ ಬಲ ಕುಂದಿರಲಿಲ್ಲ. ಆದರೆ ಸುಳ್ಳು ಚಿಕಿತ್ಸೆ ಪಡೆದ 98 ಜನರನ್ನು ಮೊದಲ ವರ್ಷ ಮುಗಿದೊಡನೆ ಬಿಟ್ಟುಬಿಡಲಾಗಿತ್ತು. ಹಾಗಾಗಿ ಎರಡನೆಯ ವರ್ಷದಿಂದಾಚೆಗೆ ಹೋಲಿಕೆ ಎಂಬುದೇ ಇಲ್ಲ. ಐದು ವರ್ಷದಲ್ಲಿ ಅಸ್ತಮಾ ತಾನಾಗಿಯೂ ಏರಿಳಿಯುತ್ತದೆ, ಮದ್ದು ಬದಲಾಗುತ್ತದೆ, ಊರು ಬದಲಾಗುತ್ತದೆ. ಈ ಲೋಪ ಸಣ್ಣದಲ್ಲ. ಇನ್ನೊಂದು ಸಂಗತಿಯೂ ಇದೆ. ಹಿಂದಿನ ವರ್ಷ ಮೂರು ಸಲ ಆಸ್ಪತ್ರೆ ಸೇರಿದವರನ್ನು, ಊದುವ ಬಲ ಬಹಳ ಕುಸಿದವರನ್ನು ಏರ್-2ಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಈ ಚಿಕಿತ್ಸೆ ಯಾರಿಗೆ ಎಲ್ಲಕ್ಕಿಂತ ಬೇಕಾಗಿತ್ತೋ ಅವರೇ ಹೊರಗುಳಿದಿದ್ದರು.

ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2014ರಲ್ಲಿ, ನೈತಿಕ ಸಮಿತಿಯ ಒಪ್ಪಿಗೆಯಿರುವ ಅಧ್ಯಯನ ಇಲ್ಲವೇ ರೋಗಿಗಳ ದಾಖಲಾತಿಯೊಳಗೆ ಮಾತ್ರ ಥರ್ಮೋಪ್ಲಾಸ್ಟಿ ಮಾಡಿ ಎಂದವು. 2020ರ ಅಮೆರಿಕದ ರಾಷ್ಟ್ರೀಯ ಮಾರ್ಗಸೂಚಿ ಬಹುಪಾಲು ರೋಗಿಗಳಿಗೆ ಇದು ಬೇಡ ಎಂದೇ ಸಲಹೆ ಕೊಟ್ಟಿತು. ಆ ವೇಳೆಗೆ ಒಮಾಲಿಜುಮಾಬ್, ಮೆಪೊಲಿಜುಮಾಬ್‌ನಂಥ ಜೈವಿಕ ಚುಚ್ಚುಮದ್ದುಗಳು ಬಂದು, ನಾಳವನ್ನು ಸುಡದೆಯೇ ತೀವ್ರ ಅಸ್ತಮಾವನ್ನು ಇಳಿಸತೊಡಗಿದ್ದವು. ಅವು ದುಬಾರಿ, ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಆದರೆ ಬೇಡವೆನಿಸಿದ ದಿನ ನಿಲ್ಲಿಸಬಹುದು ಎಂಬುದೂ ಅಷ್ಟೇ ನಿಜ. ಕಾವು ಕೊಟ್ಟ ನಾಳವನ್ನು ಮೊದಲಿನಂತೆ ಮಾಡಲು ಬಾರದು.

ಹತ್ತು ವರ್ಷ ದಾಟಿದವರ ಸುದ್ದಿ ಸಿಕ್ಕಿದ್ದು 2021ರಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೊದ ರೇಖಾ ಚೌಧುರಿ ಮತ್ತು ಸಂಗಡಿಗರು ಹಿಂದಿನ ಮೂರೂ ಪರೀಕ್ಷೆಗಳ ರೋಗಿಗಳನ್ನು ಹುಡುಕಿಸಿ ಕರೆಸಿದರು. ಹಣ ಕೊಟ್ಟದ್ದು ಯಂತ್ರ ತಯಾರಿಸುತ್ತಿದ್ದ ಬಾಸ್ಟನ್ ಸೈಂಟಿಫಿಕ್ ಕಂಪನಿ. 429 ಜನರಲ್ಲಿ ಬಂದವರು 192, ಕಾವು ಪಡೆದವರಿಗೆ ಅದಾಗಿ ಸುಮಾರು ಹನ್ನೆರಡು ವರ್ಷ ಕಳೆದಿತ್ತು. ತೀವ್ರ ಉಬ್ಬಸ ಬರುವವರ ಪ್ರಮಾಣ ಮೊದಲನೆಯ ಮತ್ತು ಐದನೆಯ ವರ್ಷದಲ್ಲಿದ್ದಷ್ಟೇ ಇತ್ತು. ಎಲ್ಲರಿಗೂ ಹೆದರಿಕೆಯಿದ್ದದ್ದು ಸುಟ್ಟ ನಾಳ ಕಾಲಾಂತರದಲ್ಲಿ ಗಾಯಗಟ್ಟಿ ಕಿರಿದಾಗುತ್ತದೋ, ಇಲ್ಲ ಸಡಿಲಗೊಂಡು ಹಿಗ್ಗಿ ಕಫ ತುಂಬಿಕೊಳ್ಳುವ ಬ್ರಾಂಕಿಯೆಕ್ಟಾಸಿಸ್ ಆಗುತ್ತದೋ ಎಂದು. ಏರ್-2ರಲ್ಲಿ ಕಾವು ಪಡೆದವರ ಪೈಕಿ, ಮೊದಲು ಅದಿಲ್ಲದ 89 ಜನರ ಸಿ.ಟಿ. ಸ್ಕ್ಯಾನಿನಲ್ಲಿ ಆರು ಮಂದಿಗೆ ಹೊಸದಾಗಿ ಕಾಣಿಸಿತ್ತು. ಐವರಿಗೆ ಅಲ್ಪ, ಒಬ್ಬರಿಗೆ ಮಧ್ಯಮ. ತೀವ್ರ ಅಸ್ತಮಾದವರಲ್ಲಿ ಕಾವು ಇಲ್ಲದೆಯೂ ಇದು ಬರುವುದುಂಟು.

ಸಮಾಧಾನ ಕೊಡುವ ವರದಿಯೇ, ಅನುಮಾನವಿಲ್ಲ. ಕಾವು ಪಡೆದವರೆಲ್ಲ ಹತ್ತು ವರ್ಷದಲ್ಲಿ ಉಸಿರು ಕಟ್ಟಿ ನರಳುತ್ತಾರೆ ಎಂಬ ಭಯ ನಿಜವಾಗಲಿಲ್ಲ. ಆದರೂ ಬಂದವರ ಪೈಕಿ, ಕಾವಿಲ್ಲದೆ ಹೋಲಿಕೆಗೆಂದು ಇದ್ದ 56 ಜನರಲ್ಲಿ 18 ಮಂದಿ ಪರೀಕ್ಷೆ ಮುಗಿದಮೇಲೆ ತಾವೂ ಕಾವು ಹಾಕಿಸಿಕೊಂಡಿದ್ದರು. ಹನ್ನೆರಡು ವರ್ಷದ ಕೊನೆಗೆ, ಕಾವೇ ತಾಗದ ಶ್ವಾಸನಾಳದೊಂದಿಗೆ ಹೋಲಿಕೆಗೆ ಉಳಿದವರು ಮೂರು ಪರೀಕ್ಷೆಗಳೂ ಸೇರಿ 38 ಜನ. ಕರೆಗೆ ಬಾರದ 237 ಜನರ ಪೈಕಿ ಯಾರು ಆರಾಮಾಗಿದ್ದು ಬರಲಿಲ್ಲ, ಯಾರು ಬರಲಾರದೆ ಬರಲಿಲ್ಲ ಎಂಬುದನ್ನು ಆ 192 ಜನರ ಅಂಕಿಗಳಿಂದ ಹೇಳಲಾಗುವುದಿಲ್ಲ.